ಕ್ವಾಂಟಂ ಮಾಪನ: ಝೀನೋ ಪರಿಣಾಮದಿಂದ ಬೆಂಗಳೂರಿನ ಫೋಟಾನ್‌ವರೆಗೆ

ಕ್ವಾಂಟಂ ಜಗತ್ತಿನಲ್ಲಿ ಅಳೆಯುವ ಕ್ರಿಯೆಯೇ ಕಣದ ಸ್ಥಿತಿಯನ್ನು ಬದಲಿಸಬಲ್ಲದು. ಈ ವಿಷಯದಲ್ಲಿ ಬೆಂಗಳೂರಿನ ನಂಟನ್ನೂ ಅಭ್ಯರ್ಥಿಗಳು ತಿಳಿದಿರಬೇಕು.

ಮುಖ್ಯಾಂಶಗಳು

1. ಸೂಪರ್‌ಪೊಸಿಷನ್: ಮಾಪನಕ್ಕೆ ಮೊದಲು ಹಲವು ಸಾಧ್ಯ ಸ್ಥಿತಿಗಳ ಸಂಯೋಜನೆ.
2. ತರಂಗಫಲನ ಕುಸಿತ: ಮಾಪನದ ನಂತರ ಒಂದೇ ನಿರ್ದಿಷ್ಟ ಫಲಿತಾಂಶ.
3. ಸಂಭವನೀಯತೆಯ ನಿಯಮ: ಮ್ಯಾಕ್ಸ್ ಬಾರ್ನ್, 1926, ನೊಬೆಲ್ 1954.
4. ಅನಿಶ್ಚಿತತಾ ತತ್ತ್ವ: ಹೈಸನ್‌ಬರ್ಗ್, 1927.
5. ಕ್ವಾಂಟಂ ಝೀನೋ ಪರಿಣಾಮ: ಬೈದ್ಯನಾಥ ಮಿಶ್ರ ಮತ್ತು ಇ.ಸಿ.ಜಿ. ಸುದರ್ಶನ್, 1977. ಪದೇ ಪದೇ ಅಳೆದರೆ ಸ್ಥಿತಿಯ ಬದಲಾವಣೆ ತಡೆಯಲ್ಪಡುತ್ತದೆ. ಅಮೆರಿಕದಲ್ಲಿ ಬೆರಿಲಿಯಂ ಅಯಾನುಗಳ ಮೇಲೆ 1990ರಲ್ಲಿ ಪ್ರಯೋಗ ನಡೆಯಿತು.

ಬೆಂಗಳೂರಿನ ಕೊಡುಗೆ

ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಒಂಟಿ ಫೋಟಾನ್‌ಗಳಿಂದ ಲೆಗೆಟ್–ಗಾರ್ಗ್ ಅಸಮಾನತೆಯ ಉಲ್ಲಂಘನೆಯನ್ನು ತೋರಿಸಿತು. ನೋಡದಿದ್ದಾಗಲೂ ವಸ್ತುವಿಗೆ ನಿಶ್ಚಿತ ಸ್ಥಿತಿಯಿರುತ್ತದೆ, ಅದನ್ನು ಕದಡದೆ ಅಳೆಯಬಹುದು ಎಂಬ ಊಹೆಗಳನ್ನು ಪರೀಕ್ಷಿಸುವ ಸೂತ್ರವೇ ಈ ಅಸಮಾನತೆ.

ಇದೇ ಸಂಸ್ಥೆ 2021ರಲ್ಲಿ ಎರಡು ಕಟ್ಟಡಗಳ ನಡುವೆ ಗಾಳಿಯ ಮೂಲಕ ಕ್ವಾಂಟಂ ಕೀಲಿ ವಿತರಣೆ (ಫೋಟಾನ್‌ಗಳಿಂದ ರಹಸ್ಯ ಕೀಲಿಯ ಹಂಚಿಕೆ) ನಡೆಸಿತು. ಕದ್ದಾಲಿಸುವವನು ಫೋಟಾನ್ ಅಳೆದರೆ ದೋಷಗಳು ಹೆಚ್ಚುತ್ತವೆ, ಕಳ್ಳತನ ಬಯಲಾಗುತ್ತದೆ.

ಗೊಂದಲ ಬೇಡ

- ವೀಕ್ಷಕ ಎಂದರೆ ಮನುಷ್ಯನೇ ಆಗಬೇಕಿಲ್ಲ, ಉಪಕರಣವೂ ಸಾಕು.
- ಅನಿಶ್ಚಿತತೆ ಉಪಕರಣದ ದೋಷವಲ್ಲ. ಅದು ಕ್ವಾಂಟಂ ಸ್ಥಿತಿಯ ಮೂಲಗುಣ.
- ಬೆಲ್ ಅಸಮಾನತೆ ದೂರದ ಕಣಗಳ ಸಂಬಂಧವನ್ನು ಪರೀಕ್ಷಿಸುತ್ತದೆ. ಲೆಗೆಟ್–ಗಾರ್ಗ್ ಒಂದೇ ವ್ಯವಸ್ಥೆಯನ್ನು ಬೇರೆ ಬೇರೆ ಕಾಲಗಳಲ್ಲಿ.
- ನೊಬೆಲ್ 2012 (ಒಂಟಿ ಕ್ವಾಂಟಂ ವ್ಯವಸ್ಥೆಗಳ ಮಾಪನ): ಹರೋಶ್, ವೈನ್‌ಲ್ಯಾಂಡ್. ನೊಬೆಲ್ 2022 (ಬೆಲ್ ಅಸಮಾನತೆಯ ಪ್ರಯೋಗಗಳು): ಆಸ್ಪೆ, ಕ್ಲೌಸರ್, ಝೈಲಿಂಗರ್.

ಪ್ರಚಲಿತ: ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಸಂಪುಟದ ಒಪ್ಪಿಗೆ 2023ರ ಏಪ್ರಿಲ್ 19, ವೆಚ್ಚ 6,003.65 ಕೋಟಿ ರೂ. ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಸಂವಹನ ಕೇಂದ್ರ ಐಐಟಿ ಮದ್ರಾಸ್.