ಆಮ್ಲಜನಕವೆಂಬ ಹೆಸರು

ಆಮ್ಲವನ್ನು ಹುಟ್ಟಿಸುವುದರಿಂದಲೇ ಆ ವಾಯುವಿಗೆ ಆಮ್ಲಜನಕವೆಂದು ಹೆಸರಾಯಿತೆಂದು ನಾವು ಅನೇಕ ವರ್ಷ ಪಾಠ ಹೇಳುತ್ತಾ ಬಂದೆವು. ಒಂದು ದಿನ ಹೈಡ್ರೋಕ್ಲೋರಿಕ್ ಆಮ್ಲದ ಪಾಠವು ನಡೆಯುತ್ತಿರಲು ಬಾಲಕಿಯೊಬ್ಬಳು ಎದ್ದು ನಿಂತು, "ಟೀಚರಮ್ಮ, ಇದರಲ್ಲಿ ಜಲಜನಕವೂ ಕ್ಲೋರಿನ್ನೂ ಮಾತ್ರವೇ ಇವೆಯಲ್ಲಾ, ಆಮ್ಲಜನಕವಿಲ್ಲದೆ ಇದು ಆಮ್ಲವಾದದ್ದು ಹೇಗೆ?" ಎಂದು ಕೇಳಿದಳು. ನಾವು ನಿರುತ್ತರರಾದೆವು. ಅಂದು ಕೊಡಲಾರದ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಇಂಗ್ಲೆಂಡಿನ ಪ್ರೀಸ್ಟ್ಲಿಯು 1774ರಲ್ಲಿ ಪಾದರಸದ ಕೆಂಪು ಭಸ್ಮವನ್ನು ಮಸೂರದ ಮೂಲಕ ಬಿಸಿಲಿನಿಂದ ಕಾಯಿಸಿ ಈ ವಾಯುವನ್ನು ಪಡೆದನು. ಸ್ವೀಡನ್ನಿನ ಷೀಲೆಯು ಅದಕ್ಕೆ ಮೊದಲೇ ಇದನ್ನು ಕಂಡಿದ್ದನು. ಆದರೆ ಹೆಸರಿಟ್ಟವನು ಫ್ರಾನ್ಸಿನ ಲವಾಸಿಯೇ ಎಂಬ ಪಂಡಿತನು. ಗಂಧಕ, ರಂಜಕಗಳು ಉರಿಯುವಾಗ ಈ ವಾಯುವಿನೊಡನೆ ಕೂಡಿ, ಬಳಿಕ ನೀರಿನಲ್ಲಿ ಆಮ್ಲಗಳಾಗುವುದನ್ನು ನೋಡಿ, ಸಕಲ ಆಮ್ಲಗಳಿಗೂ ಇದೇ ಮೂಲವೆಂದು ಅವನು ನಿಶ್ಚಯಿಸಿದನು. 1787ರಲ್ಲಿ ಅವನೂ ಅವನ ಸಂಗಡಿಗರೂ ಪ್ರಕಟಿಸಿದ ರಾಸಾಯನಿಕ ನಾಮಪದ್ಧತಿಯಲ್ಲಿ ಆಕ್ಸಿಜನ್ ಎಂಬ ಹೆಸರು ನೆಲೆಗೊಂಡಿತು.

ಗ್ರೀಕ್ ಭಾಷೆಯಲ್ಲಿ 'ಒಕ್ಸುಸ್' ಎಂದರೆ ಹರಿತವಾದದ್ದು. ನಾಲಿಗೆಗೆ ಚುರುಕ್ಕೆನ್ನುವ ಹುಳಿಗೂ ಅದೇ ಮಾತು. 'ಗೆನ್' ಎಂಬ ಧಾತುವಿಗೆ ಹುಟ್ಟು ಎಂಬರ್ಥ. ನಮ್ಮ 'ಜನಕ' ಶಬ್ದದಲ್ಲಿರುವ ಸಂಸ್ಕೃತದ 'ಜನ್' ಧಾತುವು ಇದಕ್ಕೆ ಒಡಹುಟ್ಟು. ಆದಕಾರಣ 'ಆಮ್ಲಜನಕ'ವೆಂಬ ಭಾಷಾಂತರವು ಪದಕ್ಕೆ ಪದ ಸರಿಯಾಗಿದೆ. ಲವಾಸಿಯೇಯ ತಪ್ಪು ಸಹ ಅದರೊಡನೆ ಕನ್ನಡಕ್ಕೆ ಬಂದು ಸೇರಿದೆ.

ತಪ್ಪನ್ನು ತೋರಿಸಿದವನು ಇಂಗ್ಲೆಂಡಿನ ಹಂಫ್ರಿ ಡೇವಿ. ಉಪ್ಪಿನಿಂದ ಪಡೆಯುವ ಆಮ್ಲದಲ್ಲಿ ಆಮ್ಲಜನಕವು ಲೇಶವೂ ಇಲ್ಲವೆಂದು ಅವನು 1810ರಲ್ಲಿ ಸಾರಿದನು. ಅದರಲ್ಲಿರುವ ಹಸುರುಹಳದಿ ವಾಯುವು ಒಂದು ಮೂಲವಸ್ತುವೆಂದು ತಿಳಿಸಿ, ಆ ಬಣ್ಣವನ್ನು ಸೂಚಿಸುವ 'ಖ್ಲೋರೋಸ್' ಎಂಬ ಗ್ರೀಕ್ ಪದದಿಂದ ಕ್ಲೋರಿನ್ ಎಂದು ಹೆಸರಿಟ್ಟನು. ನಿಂಬೆ, ಹುಣಿಸೆಗಳ ಆಮ್ಲಗಳಲ್ಲಿ ಆಮ್ಲಜನಕವೇನೋ ಇದೆ. ಆದರೆ ಅವುಗಳಿಗೆ ಆಮ್ಲಗುಣ ಬರುವುದು ನೀರಿನಲ್ಲಿ ಅವು ಬಿಟ್ಟುಕೊಡುವ ಜಲಜನಕದ ಅಯಾನುಗಳಿಂದ. ನ್ಯಾಯವಾಗಿ ನೋಡಿದರೆ ಆಮ್ಲಜನಕವೆಂಬ ಹೆಸರು ಜಲಜನಕಕ್ಕೇ ಹೆಚ್ಚು ಒಪ್ಪುತ್ತಿತ್ತು!

ಲೋಕದಲ್ಲಿ ರೂಢವಾದ ಹೆಸರನ್ನು ಈಗ ಯಾರೂ ತೆಗೆಯಲಾರರು. ತೆಗೆಯಬೇಕಾದ ಅಗತ್ಯವೂ ಇಲ್ಲ. ಹೆಸರು ಗುರುತೇ ಹೊರತು ಪ್ರಮಾಣವಲ್ಲವೆಂದು ತಿಳಿದರೆ ಸಾಕು. ಈಗ ನಾವು ಆ ಪಾಠವನ್ನು ಬಾಲಕಿಯ ಪ್ರಶ್ನೆಯಿಂದಲೇ ಆರಂಭಿಸುತ್ತೇವೆ. ತಂದೆತಾಯಿಗಳೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಹೆಣ್ಣುಮಕ್ಕಳು "ಅದು ಹೇಗೆ?" ಎಂದು ಕೇಳಿದಾಗ ಗದರಿಸಿ ಕೂರಿಸಬೇಡಿರಿ. ದೊಡ್ಡ ಪಂಡಿತನ ತಪ್ಪೂ ನಮ್ಮ ತಪ್ಪೂ ಅಂತಹ ಪ್ರಶ್ನೆಯಿಂದಲೇ ಬೆಳಕಿಗೆ ಬಂದವು.