ಸಾಂಕ್ರಾಮಿಕ ರೋಗಕಾಲದಲ್ಲಿ ಮನೆಯ ಕಸದ ವಿಲೇವಾರಿ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ನಮ್ಮ ಗಮನವೆಲ್ಲ ಔಷಧ, ಪಥ್ಯ, ಆರೈಕೆಗಳತ್ತ ಹರಿಯುವುದು ಸಹಜ. ಆದರೆ ರೋಗಿಯ ಕೋಣೆಯಿಂದ ಹೊರಬೀಳುವ ಕಸ ಯಾರ ಕೈಗೆ ತಾಗುತ್ತದೆ, ಯಾರ ಉಸಿರಿಗೆ ಸೇರುತ್ತದೆ ಎಂಬುದೂ ಆರೋಗ್ಯದ ವಿಷಯವೇ ಆಗಿದೆ.

ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. 2001ರಲ್ಲಿ ಗಣಿಗಳು ಮುಚ್ಚಿದರೂ ಕಾರ್ಮಿಕರಿಗೆಂದು ಕಟ್ಟಿದ ಲೈನ್ ಮನೆಗಳಲ್ಲಿ ಕುಟುಂಬಗಳು ಉಳಿದಿವೆ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳನ್ನು ಬಹುಕಾಲ ಉಸಿರಾಡಿದವರಿಗೆ ಸಿಲಿಕೋಸಿಸ್ ತಗಲುತ್ತದೆ. ಅದರಿಂದ ಗಡುಸಾದ ಶ್ವಾಸಕೋಶ ಮತ್ತೆ ಮೊದಲಿನಂತಾಗದು. ಅಂತಹ ಹಿರಿಯರಿಗೆ ಕೋವಿಡ್‌ನಂತಹ ರೋಗ ಎಷ್ಟು ಅಪಾಯಕರವೋ ಕಸ ಸುಟ್ಟ ಹೊಗೆಯೂ ಅಷ್ಟೇ ಹಾನಿಕರ. ಬಳಸಿದ ಮಾಸ್ಕ್‌ಗಳಲ್ಲಿ ಪ್ಲಾಸ್ಟಿಕ್ ಎಳೆಗಳಿರುವುದರಿಂದ ಅವನ್ನು ಬೀದಿಯಲ್ಲಿ ಸುಡುವುದು ರೋಗನಿವಾರಣೆಯಲ್ಲ. ಪಕ್ಕದ ಮನೆಗೆ ವಿಷದ ಗಾಳಿಯನ್ನು ಕಳುಹಿಸಿದಂತೆ.

ಹಾಗಾದರೆ ಮಾಡಬೇಕಾದುದೇನು? 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀಡಿದ ಮಾರ್ಗಸೂಚಿಯ ಸಾರ ಮತ್ತು ಗೃಹಿಣಿಯರು ಅನುಸರಿಸಬಹುದಾದ ಕ್ರಮಗಳು ಹೀಗಿವೆ:

1. ಆರೋಗ್ಯವಂತರು ಬಳಸಿದ ಮಾಸ್ಕ್, ಕೈಗವಸುಗಳನ್ನು ಮರುಬಳಕೆಯಾಗದಂತೆ ಕತ್ತರಿಸಿ, ಕಾಗದದ ಚೀಲದಲ್ಲಿ ಕನಿಷ್ಠ 72 ಗಂಟೆ ಇರಿಸಿ, ಅನಂತರ ಒಣ ಕಸದೊಡನೆ ಕೊಡಬೇಕು.

2. ಸೋಂಕಿತರು ಬಳಸಿದ ಮಾಸ್ಕ್, ಹತ್ತಿ, ಕಫ ತಾಗಿದ ಕಾಗದ ಮುಂತಾದವುಗಳನ್ನು ಹಳದಿ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅದಕ್ಕಾಗಿ ನೇಮಿಸಿದವರಿಗೇ ಒಪ್ಪಿಸಬೇಕು. ಉಳಿದ ಕಸದೊಡನೆ ಬೆರೆಸಬಾರದು.

3. ಹಸಿ ಕಸವನ್ನು ಪ್ರತ್ಯೇಕವಾಗಿರಿಸಬೇಕು. ಕಸದ ಗಾಡಿ ಬಾರದ ದಿನಗಳಲ್ಲಿ ತರಕಾರಿ ಸಿಪ್ಪೆಯನ್ನು ತಳದಲ್ಲಿ ರಂಧ್ರವಿರುವ ಮಣ್ಣಿನ ಮಡಕೆಗೆ ಹಾಕಿ, ಒಣ ಎಲೆ ಮತ್ತು ಮಣ್ಣನ್ನು ಮುಚ್ಚುತ್ತ ಬಂದರೆ ಗೊಬ್ಬರವಾಗುತ್ತದೆ. ನೊಣ, ಇಲಿಗಳ ಕಾಟವೂ ತಗ್ಗುತ್ತದೆ. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಇಲಿಗಳ ಚಿಗಟಗಳಿಂದ ಹರಡುವ ರೋಗ ಎಂಬುದನ್ನು ಇಲ್ಲಿ ನೆನೆಯಬೇಕು.

4. ಕಸ ಮುಟ್ಟಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಬೇಕು. ಬುಟ್ಟಿಯನ್ನೂ ತೊಳೆದು ಬಿಸಿಲಿಗಿಡಬೇಕು.

ಕೋವಿಡ್ ಮುಖ್ಯವಾಗಿ ಉಸಿರಿನಿಂದ ಹರಡುವ ರೋಗ. ವಸ್ತುಗಳನ್ನು ಮುಟ್ಟುವುದರಿಂದ ಬರುವ ಸಾಧ್ಯತೆ ಕಡಿಮೆ. ಆದುದರಿಂದ ಕಸಕ್ಕೆ ಅಂಜಬೇಕಿಲ್ಲ. ಆದರೆ ದಿನವಿಡೀ ನೂರಾರು ಮನೆಗಳ ಕಸವನ್ನು ಬರಿಗೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರ ಪಾಲಿಗೆ ಆ ಅಪಾಯ ಕಡಿಮೆಯದಲ್ಲ. ನಮ್ಮ ಮನೆಯಲ್ಲಿಯೇ ಬೇರ್ಪಡಿಸಿ, ಕಟ್ಟಿ, ಗುರುತು ಹೇಳಿ ಕೊಡುವುದು ಅವರ ಕಾಯಕಕ್ಕೆ ಸದ್ಭಕ್ತರು ಸಲ್ಲಿಸಬಹುದಾದ ಗೌರವವಾಗಿದೆ.