ಉತ್ಸವದ ವೀಡಿಯೊವನ್ನು ಡಿವಿಡಿಗೆ ಇಳಿಸುವ ಕ್ರಮ

ಶಾಲೆಯ ವಾರ್ಷಿಕೋತ್ಸವದ ವೀಡಿಯೊವನ್ನು ಡಿವಿಡಿಯಲ್ಲಿ ಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರು ಕೇಳುವದುಂಟು. ಯಾಕಂದರೆ ಕೆಲವು ಮನೆಗಳ ಹಿರಿಯರಿಗೆ ಆ ಯಂತ್ರವೇ ರೂಢಿಯಾಗಿರುವದು. ಆದರೆ ಡಿವಿಡಿಯಲ್ಲಿ ಮುಖಗಳು ಮಸುಕಾಗುವದೇಕೆಂಬದನ್ನು ಮೊದಲು ತಿಳಿಯತಕ್ಕದ್ದು.

ಪೂರ್ಣ ಹೈ-ಡೆಫಿನಿಷನ್ ಚಿತ್ರದಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಬಿಂದುಗಳಿರುವವು. ನಮ್ಮ ದೇಶದ ಪಾಲ್ ಪದ್ಧತಿಯ ಡಿವಿಡಿಯಲ್ಲಾದರೋ 720 ಮತ್ತು 576 ಮಾತ್ರ. ಗುಣಿಸಿ ನೋಡಿದರೆ ಸರಿಯಾಗಿ ಐದರಲ್ಲೊಂದು ಪಾಲು. ಈ ನಷ್ಟವನ್ನು ಯಾವ ಯುಕ್ತಿಯೂ ತಪ್ಪಿಸಲಾರದು. ಉಳಿದ ಪಾಲನ್ನು ಕೆಡದಂತೆ ಕಾಯುವದೇ ನಮ್ಮ ಕೆಲಸ.

ಮೊದಲನೆಯದಾಗಿ, ಕ್ಯಾಮೆರಾದ ಮೂಲ ಫೈಲಿನಿಂದಲೇ ಎಂಪೆಗ್-2 ರೂಪಕ್ಕೆ ಒಂದೇ ಸಾರಿ ಪರಿವರ್ತಿಸಬೇಕು. ಫೋನಿನಲ್ಲಿ ಬಂದ ಕುಗ್ಗಿದ ಪ್ರತಿಯಿಂದ ಮಾಡಬಾರದು. ಎರಡನೆಯದಾಗಿ, 4.7 ಗಿಗಾಬೈಟಿನ ತಟ್ಟೆಯಲ್ಲಿ ಒಂದು ತಾಸಿನ ಚಿತ್ರಕ್ಕೆ ಸೆಕೆಂಡಿಗೆ 8 ಮೆಗಾಬಿಟ್ಟುಗಳನ್ನು ಕೊಡಬಹುದು. ಎರಡು ತಾಸು ತುಂಬಿದರೆ ಸುಮಾರು 5 ಮಾತ್ರ ದೊರೆಯುವವು. ಆದದರಿಂದ ದೀರ್ಘವಾದದ್ದನ್ನು ಎರಡು ತಟ್ಟೆಗಳಿಗೆ ಹಂಚುವದು ಲೇಸು. ಮೂರನೆಯದಾಗಿ, ಎರಡು ಸುತ್ತಿನ ಪರಿವರ್ತನೆಯನ್ನು ಆರಿಸಬೇಕು: ಮೊದಲ ಸುತ್ತಿನಲ್ಲಿ ಯಂತ್ರವು ಚಿತ್ರವನ್ನು ಪರೀಕ್ಷಿಸಿ, ಎರಡನೆಯದರಲ್ಲಿ ನೃತ್ಯಕ್ಕೆ ಹೆಚ್ಚು, ಭಾಷಣಕ್ಕೆ ಕಡಿಮೆ ಬಿಟ್ಟುಗಳನ್ನು ಹಂಚುವದು. ನಾಲ್ಕನೆಯದಾಗಿ, 16:9 ಎಂಬ ಆಕಾರವನ್ನು ಗುರುತಿಸಬೇಕು; ಇಲ್ಲವಾದರೆ ಮಕ್ಕಳು ಬಡಕಲಾಗಿ, ನೀಳವಾಗಿ ಕಾಣುವರು.

ಕಡೆಯ ಮಾತು: ಮೂಲವನ್ನು ಅಳಿಸಬಾರದು. ಡಿವಿಡಿ ಆಯಿತಲ್ಲಾ ಎಂದು ನಾವು ಒಮ್ಮೆ ಅಳಿಸಿಬಿಟ್ಟೆವು. ಅಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧ ಉಪಾಧ್ಯಾಯಿನಿಯವರು ಈಗ ನಮ್ಮೊಂದಿಗಿಲ್ಲ. ಅವರ ಮುಖವನ್ನು ಎಷ್ಟು ಹಿಗ್ಗಿಸಿದರೂ ಸ್ಪಷ್ಟವಾಗದು. ಹಂಚುವದಕ್ಕೆ ಡಿವಿಡಿ, ಕಾಪಾಡುವದಕ್ಕೆ ಮೂಲವೇ.